ಕಸಿ

ಅರಾರತ್ ಎದುರಿಗೇ ಕಾಣುವ ಕಲ್ಲುಗಣಿಯ ಗೋಡೆ.
ಯಾರೋ ಉಗಿದ ಬೀಜದಿಂದ ತಾನಾಗಿ ಎದ್ದ
ಹುಳಿ ಏಪ್ರಿಕಾಟ್; ಮೇಕೆಗೂ ಬೇಡವಾದದ್ದು.
ಅದಕ್ಕೇ ಒರಗಿ ನಾನು ಕುಡಿಯುತ್ತಿದ್ದೆ.

ಇಗರ್ಜಿಯ ಗಂಟೆ ಬಾರಿಸುವ ಹ್ರಾಚ್ಯಾ
ಒಂದು ಮಾರ್ಚಿನ ಬೆಳಗ್ಗೆ
ಚಾಕು, ನಾರು, ಜೇನುಮೇಣ ಹಿಡಿದು ಬಂದ.
ತೋಟದ ತುಂಬ ಸಾಲುಸಾಲು ಸಸಿ ಇರುವಾಗ
ಇದೇ ಯಾಕೆ, ಎಂದೆ.
ನಕ್ಕ. "ಈ ದಾರೀಲಿ ಬಂದೆ, ಕಂಡಿತು.
ದೇವರು ಆರಿಸೋದೂ ಹೀಗೇ ಕಣೋ."

ಮೊದಲು ತಲೆ ಕತ್ತರಿಸಿದ.
ಸೀಳಿದ. ಸೀಳಿನಲ್ಲಿ ಬೆರಳುದ್ದದ ಕಡ್ಡಿಯಿಟ್ಟು
ಗಾಯಕ್ಕೆ ಗಾಯ ಹೊಂದಿಸಿ ಬಿಗಿಯಾಗಿ ಕಟ್ಟಿದ.
ಆಮೇಲೆ ನನ್ನತ್ತ ತಿರುಗಿ,
"ನೀರು ಹೊರುವವನು ನೀನು."
ಕೇಳಲಿಲ್ಲ, ಹೇಳಿದ.

ಹೊತ್ತೆ. ಬಿದ್ದೆ.
ಒಂದು ಚಳಿಗಾಲ ಪೂರಾ ಬಿದ್ದೇ ಇದ್ದೆ.
ಬಕೀಟು ಕಾದಿತ್ತು.
ಮತ್ತೆ ಹೊತ್ತೆ.

ನಾಲ್ಕನೇ ವರ್ಷ ಏಳು ಹಣ್ಣು.
ಮೂರು ಹಕ್ಕಿಗೆ.
ಎರಡು, ನನ್ನ ಹೆಸರೆತ್ತದ ತಂಗಿ ಶುಶಾನಳ ಹೊಸ್ತಿಲಿಗೆ.
ಒಂದು, ನನಗೆ ಕಲ್ಲು ಹೊಡೆಯುತ್ತಿದ್ದ ಹುಡುಗನಿಗೆ;
ತಿಂದು, ಬೀಜವನ್ನು ಗೋಡೆಯಾಚೆ ಉಗಿದ.
ಉಳಿದದ್ದನ್ನು ಹ್ರಾಚ್ಯಾನ ಗೋರಿಯ ಮೇಲಿಟ್ಟೆ.

ರುಚಿ ಹೇಗಿತ್ತೋ ನನಗೆ ಗೊತ್ತಿಲ್ಲ.
ಮರಕ್ಕೂ ಗೊತ್ತಿರಲಾರದು.
ಚಳಿ ಬಿದ್ದರೆ ಕಸಿಯ ಗಂಟಿನಿಂದ
ಇಬ್ಬರಿಗೂ ಇನ್ನೂ ಅಂಟು ಒಸರುತ್ತದೆ.