ಗಾಳಿ ಹಾಕುವುದು

ಲಿಫ್ಟಿನ ಪಕ್ಕ ನೋಟೀಸು ಅಂಟಿಸಿದ್ದರು:
ಪಾರ್ಕಿಂಗಿನಲ್ಲಿ ವಾರಸುದಾರರಿಲ್ಲದ ಸೈಕಲ್ಲು ಹನ್ನೊಂದು,
ಭಾನುವಾರದೊಳಗೆ ಒಯ್ಯದಿದ್ದರೆ ಗುಜರಿಗೆ.
ಕೆಳಗೆ ಸೆಕ್ರೆಟರಿ ಕರಂದೀಕರರ ಸಹಿ,
ಸಹಿಯ ಕೆಳಗೆ ಎರಡು ಗೆರೆ.

ಹನ್ನೊಂದರಲ್ಲಿ ಒಂದು ನನ್ನದು.
ಹೇಳಿಕೊಳ್ಳಲು ನಾಚಿಕೆ.
ಆರು ವರ್ಷದಿಂದ ಅದರ ಸೀಟಿನ ಮೇಲೆ
ಪಾರಿವಾಳ ಮಾಡುವುದನ್ನು ಮಾಡಿದೆ,
ನಾನು ಎರಡು ಹೆಜ್ಜೆ ಆಚೆ ಸ್ಕೂಟರಿನ ಗುಂಡಿ ಒತ್ತಿ
ಕರ್ವೆ ರಸ್ತೆಯ ಹೊಗೆಗೆ ಇಳಿದಿದ್ದೇನೆ,
ಬ್ಯಾಂಕಿಗೆ ಮೂರು ಕಿಲೋಮೀಟರು, ಮೂವತ್ತೈದು ನಿಮಿಷ.
ಹೋದಲ್ಲೆಲ್ಲ ಹೇಳಿದ್ದೇನೆ, ಅಬ್ಬಾ ಈ ಪುಣೆ ಟ್ರಾಫಿಕ್ಕು!
ಟ್ರಾಫಿಕ್ಕು ಅಂದರೆ ಬೇರೆ ಯಾರೋ ಎಂಬಂತೆ.

ಗುರುವಾರ ಸಂಜೆ ಪಂಪು ಹುಡುಕಿದೆ.
ಅಟ್ಟದ ಮೇಲೆ, ದೀಪಾವಳಿಯ ಆಕಾಶಬುಟ್ಟಿಯ ಹಿಂದೆ ಸಿಕ್ಕಿತು.
ವಾಲ್ವಿನ ಮುಚ್ಚಳ ಸಿಗಲಿಲ್ಲ.
ಹೊಡೆದೆ. ಮೊದಲು ಕೆಮ್ಮಿತು,
ಆಮೇಲೆ ಎದ್ದಿತು ನೆಲದಿಂದ ಒಂದು ಬೆರಳು,
ಮಲಗಿದ ಎಮ್ಮೆ ಏಳುವ ಹಾಗೆ,
ಹಿಂದಿನ ಭಾಗ ಮೊದಲು.

ನಮ್ಮ ಜಮಖಂಡಿ ಕಡೆ ಗಾಳಿ ಹಾಕುವುದು ಎಂದರೆ
ಯಾರನ್ನೋ ಉಬ್ಬಿಸಿ ಯಾವುದಕ್ಕೋ ಇಳಿಸುವುದು.
ಆ ವಿದ್ಯೆ ನನಗೆ ಬರದು.
ಪರಿಸರ, ಮಂಡಿಚಿಪ್ಪು, ಪೆಟ್ರೋಲಿನ ಲೆಕ್ಕ
ಎಲ್ಲ ಎಲ್ಲರಿಗೂ ಗೊತ್ತು.
ಗೊತ್ತಿರುವುದು ಗೋಡೆಗೊರಗಿ ನಿಂತಿದೆ, ಗಾಳಿ ಹೋಗಿ.
ಪಂಪನ್ನು ಮನೆಯೊಳಗೆ ಒಯ್ಯಲಿಲ್ಲ, ಅಷ್ಟೆ.
ವಾಚ್‌ಮನ್ ಲಹೂನ ಕುರ್ಚಿಯ ಪಕ್ಕ ಬಿಟ್ಟೆ,
ಜೊತೆಗೊಂದು ಹರಕು ಬನಿಯನ್ನು,
ಹೊಲಿಗೆ ಮಿಷನ್ನಿನ ಎಣ್ಣೆ.

ಶುಕ್ರವಾರ ಹೊರಟೆ.
ನೆರಿಗೆಗೆ ಪಿನ್ನು, ಡಬ್ಬಿ ಕ್ಯಾರಿಯರಿಗೆ.
ನಳ್ ಸ್ಟಾಪಿನಲ್ಲಿ ಬಸ್ಸೊಂದು ಬೆನ್ನ ಮೇಲೇ ಉಸಿರು ಬಿಟ್ಟಿತು;
ಹೆದರಿದೆ, ಸುಳ್ಳು ಯಾಕೆ.
ಸೈಕಲ್ ದಾರಿ ಎಂದು ಬರೆದ ಕಡೆ
ಎರಡು ಕಾರು, ವಡಾಪಾವಿನ ಗಾಡಿ, ಮಲಗಿದ ನಾಯಿ.
ಬೆಲ್ಲು ನಾಯಿಗೆ ಮಾತ್ರ ಅರ್ಥವಾಯಿತು.
ಗಲ್ಲಿ ಹಿಡಿದೆ. ಗಲ್ಲಿಯೊಳಗೆ ಇನ್ನೊಂದು ಪುಣೆ:
ಒಗ್ಗರಣೆ ಚಟಚಟ, ತಬಲಾ ಶ್ರುತಿಗೆ ಕೂರಿಸುವ
ಸಣ್ಣ ಸುತ್ತಿಗೆಯ ಸದ್ದು,
ಬಕುಳ ಉದುರಿ ಗುಡಿಸದೇ ಬಿಟ್ಟ ಅಂಗಳ.
ಹದಿನಾರು ನಿಮಿಷ.
ಬೆವರಿದ್ದೆ. ಕೌಂಟರಿನ ಫ್ಯಾನು ಯಾಕಿದೆ ಮತ್ತೆ.

ಶನಿವಾರ ಎರಡನೇ ಮಹಡಿಯ ಸುಲಭಾತಾಯಿ ದಾಂಡೇಕರ್,
ವಯಸ್ಸು ಎಪ್ಪತ್ತೊಂದು,
ಇಳಿದು ಬಂದು ಹಸಿರು ಸೈಕಲ್ಲಿನ ಹ್ಯಾಂಡಲ್ ಮುಟ್ಟಿದರು.
"ಆಗ ಊರೇ ಸೈಕಲ್ ಮೇಲಿತ್ತು ನೋಡು.
ಆಫೀಸು ಬಿಟ್ಟ ಹೊತ್ತಿಗೆ ಲಕಡೀ ಪೂಲ್ ಮೇಲೆ
ಬರೀ ಬೆಲ್ಲು, ಬೆಲ್ಲು, ಕೆಳಗೆ ನದಿ ಇದೆಯೆಂದೇ ಮರೆಯಬೇಕು.
ದೀಪ ಹಚ್ಚದೆ ಹೋಗಿ ಪೊಲೀಸಿಗೆ ಸಿಕ್ಕು
ಒಮ್ಮೆ ಅತ್ತಿದ್ದೇನೆ."
ಮತ್ತೆ ಓಡಿಸುತ್ತೀರಾ? ಎಂದೆ.
"ಹುಚ್ಚಿ," ಎಂದರು. ಪಂಪು ಹಿಡಿದರು.
ಹನ್ನೆರಡು ಸಲ ಒತ್ತಿ ಮೆಟ್ಟಿಲ ಮೇಲೆ ಕೂತರು,
ಉಳಿದದ್ದು ಲಹೂ ಹೊಡೆದ.
"ಸೊಸೆಗೆ ಆಗುತ್ತದೆ," ಎಂದರು,
ಸೊಸೆಯನ್ನು ಕೇಳದೆಯೇ.

ಬೇರೆಯವು ಯಾವಾಗ ಹೋದವೋ ನೋಡಲಿಲ್ಲ.
ಪಂಪು ಮಾತ್ರ ಪ್ರತಿ ಸಲ ಬೇರೆ ಕಡೆ ಇರುತ್ತಿತ್ತು.

ಭಾನುವಾರ ಗುಜರಿಯ ಬಾಪೂ ಬಂದ, ಸೈಕಲ್ ಮೇಲೆ,
ಹ್ಯಾಂಡಲಿಗೆ ತಕ್ಕಡಿ, ಹಿಂದೆ ಗೋಣಿ.
ಉಳಿದಿದ್ದವು ಐದು.
ಒಂದರ ಪೆಡಲ್ಲನ್ನು ಕೈಯಲ್ಲೇ ತಿರುವಿ ಬಿಟ್ಟ,
ಚಕ್ರ ಬಹಳ ಹೊತ್ತು ನಿಲ್ಲಲಿಲ್ಲ.
"ಸಾಹೇಬ್, ಹೀ ತರ್ ಚಾಲತೇ!"
ಓಡುವುದನ್ನು ಕಬ್ಬಿಣವೆಂದು ತೂಗಲು
ಅವನಿಗೇ ಕೈ ಬರಲಿಲ್ಲ.

ನಾಲ್ಕನ್ನು ತೂಗಿ ಒಯ್ದ.
ಐದನೆಯದನ್ನು ಹಿಡಿದು ಕರಂದೀಕರ್ ನಿಂತೇ ಇದ್ದರು,
ಬೇರೆಯವರ ಕೂಸನ್ನು ಎತ್ತಿಕೊಂಡವರ ಹಾಗೆ.

ನಾಳೆ ಎಂಟೂವರೆಗೆ ಹೊರಡುತ್ತೇನೆ, ಎಂದೆ.
ಗಲ್ಲಿ ತೋರಿಸುತ್ತೇನೆ, ಹಿಂದೆ ಬನ್ನಿ.
ಏರು ಬಂದರೆ ನಾನು ಇಳಿದು ತಳ್ಳುವವಳು,
ನೀವೂ ತಳ್ಳಬಹುದು, ಯಾರೂ ನೋಡುವುದಿಲ್ಲ.
ಪಂಪು ಲಹೂನ ಹತ್ತಿರ ಇದೆ.