ಎಲ್ಲಾಯ್ತು ಊರು?

ಕುಂಬಳೆಯಿಂದ ಕುಂಞಂಬು ಬಂದ, ಬಸ್ಸಿನಲ್ಲೇ,
ಊಟದ ಸ್ಟೀಲು ಡಬ್ಬಿಗೆ ಅರಗಿನ ಸೀಲು.
ಮೇಲೆ ಮಲಯಾಳದ ಚೀಟಿ, ಒಳಗೆ
ಗಾಂಜಾ ಇಟ್ಟಿಗೆಯ ಮುರಿದ ಒಂದು ಮೂಲೆ.
"ಹುಳ ಉಂಟಂತೆ ಟೀಚರೇ. ನೋಡಿ ಹೇಳಬೇಕಂತೆ
ಇದು ನಮ್ಮ ಗುಡ್ಡೆಯದ್ದಾ, ಬೇರೆಯಾ."

ಇಪ್ಪತ್ತೇಳು ವರ್ಷ ಹುಡುಗರ ಕೈಯಲ್ಲಿ
ಜಿರಳೆ ಕೊಯ್ಯಿಸಿದವಳು ನಾನು.
ಸಾಕ್ಷಿಗೆ ಯಾರೂ ಕರೆದದ್ದಿಲ್ಲ.

ಕೇಸು ಇಷ್ಟು: ಪೈವಳಿಕೆಯ ಕಲ್ಲಿನ ಕೋರೆ,
ಗರಗಸ ಹಿಡಿಯುವ ಅಂಗಾರ, ವಯಸ್ಸು ಇಪ್ಪತ್ತೆರಡು,
ಅವನ ಶೆಡ್ಡಿನ ಹಲಗೆಯಡಿ ಆರು ಇಟ್ಟಿಗೆ.
ಅವನೇ ಬೆಳೆದದ್ದು, ಗುಡ್ಡೆಯ ಆಚೆ ಮಗ್ಗುಲಲ್ಲಿ,
ಎಂದು ಬರೆದಾಗಿದೆ.

ಬಿಳಿ ತಟ್ಟೆ. ಚಿಮುಟ. ಒದ್ದೆ ಕುಂಚ.
ಎಲೆಗೆ ಎಲೆ ಅಂಟಿ ಕಲ್ಲಾದದ್ದನ್ನು
ಬೆಚ್ಚನೆ ನೀರಲ್ಲಿ ಬಿಡಿಸಿದೆ.
ಕಿಟಕಿ ತೆರೆದಿಟ್ಟರೂ ಆ ಮೂರು ದಿನ
ಕೊನೆಯ ಬಿಎಸ್ಸಿಯ ಹುಡುಗರು
ಗಂಟೆ ಹೊಡೆಯುವ ಮೊದಲೇ ಲ್ಯಾಬಿಗೆ ಹಾಜರು.

ಮೊದಲು ಸಿಕ್ಕಿದ್ದು ಬೆಳ್ಳಿಹುಳ,
ಬಾಲಕ್ಕೆ ಮೂರು ಕೂದಲು, ಮೈಗೆ ಪುಡಿ.
ಎಲ್ಲಾಯ್ತು ಊರು ನಿನಗೆ? ಹೊಟ್ಟೆ ಬಿಚ್ಚಿದರೆ ಕಾಗದ.
ಸ್ಟೇಷನ್ನಿನ ಕಡತ ತಿಂದು ಬೆಳೆದವ,
ಇಲಾಖೆಯವನೇ. ಬಿಟ್ಟೆ.

ಆಮೇಲೆ ಸಾಸಿವೆಯಷ್ಟು ಕಂದು ಜೀರುಂಡೆ, ಹದಿನಾಲ್ಕು.
ಬೀಡಿ, ಕೊತ್ತಂಬರಿ, ಒಣಮೆಣಸು,
ಯಾವ ಮೂಟೆಯಾದರೂ ತವರು ಅವಕ್ಕೆ,
ಇಂಥವರನ್ನು ಕೇಳಿ ಫಲವಿಲ್ಲ.
ಒಂದರ ರೆಕ್ಕೆಯ ಮಡಿಕೆಯಲ್ಲಿ ಮಾತ್ರ
ಕೆಂಪು ಪುಡಿ. ನಾಲಗೆಗೆ ತಾಗಿಸಬಾರದು, ಗೊತ್ತು.
ತಾಗಿಸಿದೆ. ಮೆಣಸು.
ಎಲ್ಲೋ ಒಂದು ಗೋದಾಮಿನ ಕತ್ತಲಲ್ಲಿ
ಚೀಲಗಳ ನಡುವೆ ಇದು ವಾರಗಟ್ಟಲೆ ಮಲಗಿದೆ.

ಕೊನೆಗೆ, ಕಡ್ಡಿಯ ತೂತಿನೊಳಗೆ,
ಒಂದೇ ಒಂದು ಸೊಂಡಿಲ ಹುಳ.
ಎಳ್ಳಿನಷ್ಟು. ಸತ್ತರೂ ಕಾಲು ಕಚ್ಚಿ ಹಿಡಿದಿತ್ತು.
ಬೆನ್ನಿಗೆ ಒಂಬತ್ತು ಗೆರೆ; ನಮ್ಮ ಕಡೆಯದಕ್ಕೆ ಹತ್ತು.
ಎರಡು ರಾತ್ರಿ ಎಣಿಸಿ, ಚಿತ್ರ ತೆಗೆದು
ವಿಶಾಖಪಟ್ಟಣದ ಪೈಡಿತಲ್ಲಿಗೆ ಕಳಿಸಿದೆ.
ಅವಳ ಉತ್ತರ ಒಂದು ಸಾಲು:
ಮೂಡಣ ಘಟ್ಟದ್ದು, ಮಂಜು ಕೂರುವ ಎತ್ತರದ್ದು,
ಕೆಳಗಿಳಿದರೆ ಬದುಕದು.

ಹುಳಹುಪ್ಪಟೆಗೆ ಗಡಿಯಿಲ್ಲ ಎಂದು
ಭಾಷಣದಲ್ಲಿ ಹೇಳುತ್ತೇವೆ ನಾವು. ಸುಳ್ಳು.
ಅದಕ್ಕೂ ಉಂಟು ಗಡಿ, ತಲಪಾಡಿಯಲ್ಲಿ ನೆಟ್ಟ ಕಂಬವಲ್ಲ,
ಇಷ್ಟು ತಂಪು, ಇಂಥ ಗಿಡ, ಇಂಥ ತಿಂಗಳ ಮಳೆ.
ರೇಷನ್ ಕಾರ್ಡು ಒಂದು ನುಡಿ, ಕನಸು ಇನ್ನೊಂದಾದ
ನನಗಿಂತ ಚೆನ್ನಾಗಿ ಗೊತ್ತು ಅದಕ್ಕೆ ತನ್ನ ಊರು.

"ಎಳ್ಳಿನಷ್ಟು ಹುಳವನ್ನು ನಂಬುವುದಾ?"
ಕೋರ್ಟಿನಲ್ಲಿ ವಕೀಲರು ನಕ್ಕರು.
ಎಳ್ಳಷ್ಟೂ ಸುಳ್ಳು ಹೇಳದು ಸಾರ್, ಎಂದೆ.
ಬೆಳೆದ ಆರೋಪ ಬಿತ್ತು. ಇಟ್ಟುಕೊಂಡದ್ದು ನಿಂತಿತು.
ಜಗಲಿಯಲ್ಲಿ ಅಂಗಾರನ ತಾಯಿ ಕೈ ಹಿಡಿದಳು:
"ಪುರಿ ದಾದ ಪಂಡ್ಂಡ್ ಅಕ್ಕಾ?"
ಹುಳ ಏನಂದಿತು?

ಅರ್ಧ ಹೇಳಿತು, ಎಂದೆ.

ಇನ್ನರ್ಧ ಹೇಳಲಿಲ್ಲ. ನನ್ನ ವರದಿ
ಮೊಹರು ಬಿದ್ದು ಮೂಡಣಕ್ಕೆ ಹೋಗಿದೆ.
ಆ ಮಂಜಿನ ಇಳಿಜಾರಿನಲ್ಲಿ
ಕಳೆ ಕೀಳುವ ಒಬ್ಬ ಅಂಗಾರ ಇದ್ದಾನು,
ಅವನ ಹೆಸರು ಗೊತ್ತಿಲ್ಲದೆ
ವಿಳಾಸ ಕೊಟ್ಟವಳು ನಾನು.
ನಡುವಿನ ಗೋದಾಮಿನವನ ಇಸ್ತ್ರಿ ಅಂಗಿಗೆ
ಯಾವ ಹುಳವೂ ಹತ್ತುವುದಿಲ್ಲ.

ನಿನ್ನೆ ಕುಂಞಂಬು ಮತ್ತೆ ಬಂದ.
ಡಬ್ಬಿ ಅವನದೇ ಅಂತೆ, ಮನೆಯಲ್ಲಿ ಜಗಳ.
ಎರಡು ಸಲ ತೊಳೆದು ಕೊಟ್ಟೆ.
ಅವನು ಗೇಟು ದಾಟುವಾಗ ಕಂಡೆ:
ಮುಚ್ಚಳದ ಅಂಚು ಹಿಡಿದು ನಡೆಯುತ್ತಿತ್ತು,
ಸಾಸಿವೆಯಷ್ಟು, ಜೀವಂತ,
ಹದಿನೈದನೆಯದು.