ಹೊಟ್ಟೆಯ ಬಣ್ಣ

ಹಾಸನದ ಬಿ.ಎಂ. ರೋಡಿನ ಶೆಡ್ಡಿನಲ್ಲಿ
ಮೂವತ್ತೊಂದು ವರ್ಷ ಲಾರಿಗಳಿಗೆ ನವಿಲು ಬಿಡಿಸಿದ ಕೈ ಇದು.
ದೋಣಿ ಮುಟ್ಟಿದ್ದು ಇದೇ ಮೊದಲು.

ಗೊರೂರಿನ ಹಿನ್ನೀರು ಫೆಬ್ರವರಿಗೇ ಹಿಂದೆ ಸರಿದಿತ್ತು.
ಬಿರಿದ ಕೆಸರಿನ ಮೇಲೆ, ನಾಲ್ಕು ಟಾರು ಡ್ರಮ್ಮಿನ ಮೇಲೆ,
ಎಂಜಿನ್ ಕಳಚಿ, ಎಂಟು ಜನ ಸೇರಿ ಕವುಚಿ ಹಾಕಿದ
ಹದಿನಾರು ಅಡಿ ಫೈಬರ್.
ಮಲ್ಪೆಯ ಕಡೆಯಿಂದ ಮೂರನೇ ಕೈಗೆ ಬಂದದ್ದು.
ಹುಟ್ಟಿದ್ದು ತೊಂಬತ್ತೆರಡರಲ್ಲಂತೆ, ಕಾಗದವಿಲ್ಲ.

ಮೊದಲ ದಿನ ಕೆರೆದೆ.
ಬಿಳಿ, ಬಿಳಿಯಡಿ ನೀಲಿ, ನೀಲಿಯಡಿ
ಯಾರೋ ಆತುರಕ್ಕೆ ಬಳಿದ ಗೇಟಿನ ಹಸಿರು.
ಮುದುಕಿಯ ಟ್ರಂಕಿನ ಸೀರೆಗಳ ಹಾಗೆ, ಅನ್ನಲು ಹೊರಟೆ,
ಅಷ್ಟರಲ್ಲಿ ಫೈಬರ್ ಪುಡಿ ಕುತ್ತಿಗೆಗಿಳಿದು
ಹೋಲಿಕೆ ಗೀಲಿಕೆ ಎಲ್ಲ ಬಿಟ್ಟು ಪರಚಿಕೊಂಡೆ.

ಮೂರನೇ ದಿನ ಗುಳ್ಳೆಗಳು ಕಂಡವು.
ಕಡಲೆಕಾಳಿನಷ್ಟು ಕೆಲವು, ಕೆಲವು ಅಡಿಕೆ ಹೋಳಿನಷ್ಟು.
ಉಳಿಯ ಮೂತಿಯಿಂದ ಒಂದನ್ನು ಚುಚ್ಚಿದೆ:
ಸಿಡಿದು ತುಟಿಗೆ ಹಾರಿತು. ಹುಳಿ.
ಕೆಟ್ಟ ಉಪ್ಪಿನಕಾಯಿ ಜಾಡಿಯ ವಾಸನೆ.
ಲಾರಿಯ ತುಕ್ಕು ನನಗೆ ಗೊತ್ತು, ಅದು ಕೂಗಿಕೊಂಡೇ ಬರುತ್ತದೆ.
ಇದು ಬೇರೆ. ಒಂದು ಬಿರುಕೂ ಬಿಡಿಸದೆ ನೀರು
ಚರ್ಮದೊಳಗೆ ಹೋಗಿ ವರ್ಷಗಟ್ಟಲೆ ಕೂತಿತ್ತು.

ಎಲ್ಲವನ್ನೂ ತೆರೆದು, ತೊಳೆದು, ಕಾದೆ.
ಪ್ಲಾಸ್ಟಿಕ್ ಹಾಳೆಯ ನಾಲ್ಕಂಚಿಗೂ ಟೇಪು ಹಚ್ಚಿ
ರಾತ್ರಿ ಬಿಟ್ಟರೆ, ಬೆಳಿಗ್ಗೆ ಒಳಗೆ ಹನಿ.
ಮತ್ತೆ ಬಿಟ್ಟೆ. ಮತ್ತೆ ಹನಿ.
ಇಪ್ಪತ್ತೆರಡು ದಿನ.
ಮಗಳ ಮಗ ಚಾಂದ್‌ಪಾಷ ದಿನಾ ಕೇಳುವನು:
"ನಾನಾ, ಜ್ವರ ಬಿಟ್ಟಿತಾ?"

ಬಿಬಿಯಾನಮ್ಮ ಸಂಜೆ ಟಿವಿಎಸ್ಸಿನಲ್ಲಿ ಬಂದು
ಒಂದು ಸುತ್ತು ಹಾಕಿ, ಏನೂ ಮುಟ್ಟದೆ ಹೋಗುವಳು.
ಅರ್ಧ ಗಂಟೆಗೆ ಆರುನೂರರಂತೆ ಜನರನ್ನು ಸುತ್ತಿಸುವವಳು,
ಎಂಜಿನ್ ಬಿಚ್ಚಿ ತಾನೇ ಗ್ರೀಸ್ ಹಚ್ಚುವವಳು.
ನಾನೆಂದೆ: "ಅಮ್ಮಾ, ಪಕ್ಕೆ ಎರಡೂ ಕನ್ನಡಿ ಹಂಗೆ ಮಾಡಿಕೊಡ್ತೀನಿ.
ಹೊಟ್ಟೆಗೆ ಒಂದು ಕೋಟು ಸಾಕು.
ಅದನ್ನ ಯಾರು ನೋಡ್ತಾರೆ, ಮೀನಾ?"

ಆಕೆ ದೂರದ ನೀರಿನ ಕಡೆ ಗದ್ದ ಎತ್ತಿದಳು.
"ಅಲ್ಲಿ ನಮ್ಮವ್ವನ ಊರಿದೆ. ಬಾವಿಕಟ್ಟೆ, ಕಣ,
ಸ್ಕೂಲಿನ ಮೆಟ್ಟಿಲು.
ತಲೆ ಎತ್ತಿದ್ರೆ ಅವಕ್ಕೆ ಕಾಣೋದು ಇದೊಂದೇ."
ಹಾಗೆಂದು, ಅದೇ ಉಸಿರಿನಲ್ಲಿ ಪುಟ್ಟಿ ಡಬ್ಬದ ಬೆಲೆ ಕೇಳಿ
ಎಂಬತ್ತು ರೂಪಾಯಿ ಇಳಿಸಿದಳು.

ಗಾಳಿ ಏಳುವ ಮುಂಚೆ ಬಳಿಯಬೇಕು.
ಐದೂವರೆಗೆ ಹಾರ್ಡನರ್ ಬೆರೆಸಿ
ಚಾಂದ್ ಮುಂದೆ ರೋಲರ್ ಉರುಳಿಸುತ್ತ,
ನಾನು ಹಿಂದೆ ಕುಂಚದ ತುದಿಯಲ್ಲಿ ನೊರೆ ಸವರುತ್ತ.
ಪ್ರತಿ ಕೋಟಿನ ನಡುವೆ ಉಜ್ಜಿ, ಕಣ್ಣು ಮುಚ್ಚಿ
ಅಂಗೈ ಆಡಿಸಿ ಉಬ್ಬುತಗ್ಗು ಹುಡುಕಿದೆ.
ಮೂರು ಕೋಟು. ಮಾಗಿದ ಕಾಫಿಹಣ್ಣಿನ ಕೆಂಪು.
ಹಿಂಬದಿಗೆ ಏನು ಬರೆಯಲಿ?
'ಹಾರ್ನ್ ಮಾಡಿ' ಅನ್ನಲು ಹಿಂದೆ ಬರುವವರಾರು,
ಒಂದು ನೀರುಕಾಗೆ. ಖಾಲಿ ಬಿಟ್ಟೆ.

ಜೂನ್ ಕೊನೆಗೆ ಮೂಡಿಗೆರೆ ಕಡೆ ಮಳೆ ಹಿಡಿದು
ನೀರು ಡ್ರಮ್ಮಿನ ಬುಡಕ್ಕೆ ಬಂತು.
ಟ್ರಾಕ್ಟರು ಹಿಂದಕ್ಕೆ ಬಿಡುವಾಗ ಕಲ್ಲು ತಗುಲಿ
ಹೊಟ್ಟೆಯ ಎಡಕ್ಕೆ ಗೇಣುದ್ದ ಗೀರು.
ಬಿಬಿಯಾನಮ್ಮ ಎಂಜಿನ್ನಿನ ಹಗ್ಗ ಎಳೆಯುತ್ತಿದ್ದಳು, ನೋಡಲಿಲ್ಲ.
ನಾನು ಹೇಳಲಿಲ್ಲ. ಬಾಕಿ ದುಡ್ಡು ಇನ್ನೂ ಆಕೆಯ ಕೈಲಿತ್ತು.

ನೀರು ಗೀರನ್ನು ಮುಚ್ಚಿತು, ಆಮೇಲೆ ಕೆಂಪನ್ನು.
ದೋಣಿ ಒಮ್ಮೆ ತೂಗಿ, ತನ್ನ ಗೆರೆಗೆ ನಿಂತಿತು.

ಹಾಸನದ ಬಸ್ಸಿನಲ್ಲಿ ದುಡ್ಡು ಎಣಿಸುವಾಗಲೂ
ಅಂಗೈಗೆ ಗೊತ್ತು ಅದು ಎಲ್ಲಿದೆ ಅಂತ.
ಕೆಳಗಿನ ಊರಿಗೂ ಗೊತ್ತು.
ಬೇಸಿಗೆಗೆ ಬರ್ತೀನಿ, ಅಂದೆ,
ಪಕ್ಕದ ಸೀಟಿನವರು ನನ್ನ ಕಡೆ ತಿರುಗಿದರು.